ಎಕರೆ, ಗುಂಟೆ, ಅರ್ಜಿ: ರೈತರ ಸಹಾಯಧನದ ತಂತ್ರಾಂಶವನ್ನು ಹೊಸದಾಗಿ ಕಟ್ಟುವ ಬಗೆ

ಹಾಸನ ಜಿಲ್ಲೆಯ ರೈತರೊಬ್ಬರಿಗೆ ಪಹಣಿಯಲ್ಲಿ 2 ಎಕರೆ 20 ಗುಂಟೆ ಜಮೀನಿದೆ. ಹನಿ ನೀರಾವರಿಯ ಸಬ್ಸಿಡಿಗೆ ಆನ್‌ಲೈನ್ ಅರ್ಜಿ ಹಾಕುವಾಗ 'ವಿಸ್ತೀರ್ಣ' ಎಂಬ ಖಾನೆಯಲ್ಲಿ 2.20 ಎಂದು ತುಂಬಿಸಿದರು. ನಮ್ಮ ಕಡೆ ಎಲ್ಲರೂ ಬರೆಯುವುದೇ ಹಾಗೆ. ತಂತ್ರಾಂಶ ಆ ಚುಕ್ಕಿಯನ್ನು ದಶಮಾಂಶ ಎಂದುಕೊಂಡಿತು. ಎಕರೆಗೆ 40 ಗುಂಟೆ, ಹಾಗಾಗಿ ಅವರದು ಎರಡೂವರೆ ಎಕರೆ, ಅಂದರೆ 1.01 ಹೆಕ್ಟೇರ್. ಯಂತ್ರದ ಲೆಕ್ಕಕ್ಕೆ ಅದು 0.89 ಹೆಕ್ಟೇರ್ ಆಯಿತು. ಒಂದು ಹೆಕ್ಟೇರ್‌ವರೆಗೆ ಅತಿ ಸಣ್ಣ ರೈತ, ಎರಡು ಹೆಕ್ಟೇರ್‌ವರೆಗೆ ಸಣ್ಣ ರೈತ. ಅರ್ಜಿಯಲ್ಲಿ ಒಂದು ವರ್ಗ, ಪಹಣಿಯಲ್ಲಿ ಇನ್ನೊಂದು. ತಾಳೆಯಾಗಲಿಲ್ಲ, ಅರ್ಜಿ ವಾಪಸ್ಸು ಬಂತು. ಯಾಕೆ ವಾಪಸ್ಸು ಬಂತೆಂದು ತಿಳಿಯಲು ಒಂದು ದಿನ, ಸರಿಪಡಿಸಲು ಇನ್ನೊಂದು ದಿನ, ಸರಿಯಾಯಿತೇ ಎಂದು ಕೇಳಲು ಮತ್ತೊಂದು ದಿನ ಅವರು ಬಸ್ ಹತ್ತಿದರು.

ಅಲ್ಲಿ ಯಾರೂ ಲಂಚ ಕೇಳಿರಲಿಲ್ಲ, ಯಾರೂ ಸೋಮಾರಿಯಾಗಿರಲಿಲ್ಲ. ಖಾನೆಯೇ ತಪ್ಪಾಗಿತ್ತು. ಎಕರೆಗೊಂದು, ಗುಂಟೆಗೊಂದು ಎಂದು ಎರಡು ಖಾನೆ ಇಟ್ಟಿದ್ದರೆ ಆ ಮೂರು ದಿನ ಉಳಿಯುತ್ತಿತ್ತು.

ಈ ಬರಹ ಅಂಥ ಖಾನೆಗಳನ್ನು ವಿನ್ಯಾಸ ಮಾಡುವವರಿಗಾಗಿ: ಇಲಾಖೆಯ ಗಣಕ ವಿಭಾಗದವರು, ಗುತ್ತಿಗೆ ಪಡೆದ ಕಂಪನಿಯ ವಿನ್ಯಾಸಕರು, ಈ ಕ್ಷೇತ್ರಕ್ಕೆ ಬರಬೇಕೆಂದಿರುವ ವಿದ್ಯಾರ್ಥಿಗಳು. ಉದಾಹರಣೆಗಳು ಹಾಸನ ಮತ್ತು ಅಕ್ಕಪಕ್ಕದವು. ಅರಸೀಕೆರೆಯ ತೆಂಗು, ಹಾಸನ ಸುತ್ತಿನ ಆಲೂಗಡ್ಡೆ, ಸಕಲೇಶಪುರದ ಕಾಫಿ, ಮೆಣಸು, ಎಲ್ಲವೂ ಒಂದೇ ಜಿಲ್ಲೆಯೊಳಗೆ ಸಿಗುವುದರಿಂದ ಇಲ್ಲಿ ನಿಲ್ಲುವ ವಿನ್ಯಾಸ ಬೇರೆಡೆಯೂ ನಿಲ್ಲುತ್ತದೆ ಎಂಬುದು ನನ್ನ ನಂಬಿಕೆ.

ಮೊದಲ ಹೆಜ್ಜೆ: ಓಡಾಟ ಎಣಿಸಿ

ಹೊಸ ತಂತ್ರಾಂಶದ ಸಭೆಗಳಲ್ಲಿ ಅಳತೆಗೋಲುಗಳ ಮಾತು ಬಂದಾಗ ಎಷ್ಟು ಅರ್ಜಿ ಬಂತು, ಪುಟ ಎಷ್ಟು ಸೆಕೆಂಡಿಗೆ ತೆರೆಯಿತು ಎಂಬುದರಲ್ಲೇ ಚರ್ಚೆ ಮುಗಿಯುತ್ತದೆ. ನಾನು ಒಂದೇ ಅಳತೆಯನ್ನು ಹಿಡಿದುಕೊಳ್ಳುತ್ತೇನೆ: ಅರ್ಜಿ ಹಾಕಲು ಮನಸ್ಸು ಮಾಡಿದ ದಿನದಿಂದ ಖಾತೆಗೆ ದುಡ್ಡು ಬೀಳುವವರೆಗೆ ಒಬ್ಬ ರೈತ ಎಷ್ಟು ಸಲ ಬಸ್ ಹತ್ತಬೇಕಾಯಿತು? ಸಕಲೇಶಪುರದಿಂದ ಹಾಸನಕ್ಕೆ ಸುಮಾರು 40 ಕಿಲೋಮೀಟರ್. ಒಂದು ಸಲ ಬಂದು ಹೋದರೆ ಕೂಲಿ ಹೋಗುತ್ತದೆ, ಸಂಜೆ ಹಾಲು ಕರೆಯಲು ಬೇರೊಬ್ಬರನ್ನು ಹುಡುಕಬೇಕಾಗುತ್ತದೆ.

ಇದನ್ನು ಎಣಿಸಲು ಸಮೀಕ್ಷೆ ಬೇಡ. ಕಚೇರಿಯಲ್ಲಿ ಅನುಮತಿ ಪಡೆದು ವಿಲೇವಾರಿಯಾದ 30 ಹಳೆಯ ಕಡತಗಳನ್ನು ಮೇಜಿನ ಮೇಲೆ ಹರಡಿ. ಮಂಜೂರಾದವು ಅರ್ಧ, ತಿರಸ್ಕೃತವಾದವು ಅರ್ಧ ಇರಲಿ. ಪ್ರತಿ ಕಡತದಲ್ಲೂ ಟಪಾಲು ಮುದ್ರೆ, ಸಹಿಯ ಕೆಳಗಿನ ದಿನಾಂಕ, ಹಿಂಬರಹದ ದಿನಾಂಕ ಸಿಗುತ್ತವೆ. ಅವನ್ನು ಒಂದು ಉದ್ದನೆಯ ಕಾಗದದ ಮೇಲೆ ಗೆರೆಯಾಗಿ ಎಳೆಯಿರಿ. ಕಡತ ಎಲ್ಲಿ ಮಲಗಿತ್ತು ಎಂಬುದು ಅಲ್ಲೇ ಕಾಣುತ್ತದೆ. ನಂತರ ಕಡತದ ನಡುವೆ ಹೊಸದಾಗಿ ಸೇರಿದ ಕಾಗದಗಳನ್ನು ಹುಡುಕಿ. ಮಧ್ಯದಲ್ಲಿ ಸೇರಿದ ಪಾಸ್‌ಬುಕ್ ಜೆರಾಕ್ಸ್ ಎಂದರೆ ಒಂದು ಓಡಾಟ. ಹೆಸರಿನ ವ್ಯತ್ಯಾಸಕ್ಕೆ ಮಾಡಿಸಿದ ಅಫಿಡವಿಟ್ ಎಂದರೆ ಕನಿಷ್ಠ ಎರಡು.

ನಾನು ಹೀಗೆ ಕೂತು ನೋಡಿದಾಗಲೆಲ್ಲ ಎದ್ದು ಬಂದ ಕಾರಣಗಳು ಹೆಚ್ಚುಕಡಿಮೆ ಅವೇ: ಆಧಾರ್, ಪಹಣಿ, ಪಾಸ್‌ಬುಕ್ ಮೂರರಲ್ಲೂ ಹೆಸರು ಬೇರೆ ಬೇರೆ, ಬ್ಯಾಂಕ್ ಖಾತೆಯ ವಿವರ ತಪ್ಪು, ಪಹಣಿ ಇನ್ನೂ ತೀರಿಕೊಂಡ ತಂದೆಯ ಹೆಸರಿನಲ್ಲಿದೆ, ವಾರಸುದಾರರ ಹೆಸರಿಗೆ ಪೌತಿ ಖಾತೆ ಆಗಿಲ್ಲ, ಜಂಟಿ ಖಾತೆಯಲ್ಲಿ ಅಣ್ಣತಮ್ಮಂದಿರ ಒಪ್ಪಿಗೆ ಇಲ್ಲ. ಇವುಗಳಲ್ಲಿ ಮೊದಲೆರಡನ್ನು ವಿನ್ಯಾಸದಿಂದ ಬಹುಮಟ್ಟಿಗೆ ತಡೆಯಬಹುದು. ಕೊನೆಯೆರಡನ್ನು ತಡೆಯಲಾಗದು, ಆದರೆ ಮೊದಲ ದಿನವೇ ಹೇಳಿಬಿಡಬಹುದು.

ಎರಡನೇ ಹೆಜ್ಜೆ: ಕೌಂಟರಿನ ಎರಡೂ ಬದಿ ಕೂರಿ

ಅರ್ಜಿಯನ್ನು ರೈತ ತುಂಬುತ್ತಾನೆ ಎಂದುಕೊಂಡು ವಿನ್ಯಾಸ ಶುರುಮಾಡುವುದು ದೊಡ್ಡ ತಪ್ಪು. ಹೋಬಳಿ ಮಟ್ಟದ ರೈತ ಸಂಪರ್ಕ ಕೇಂದ್ರದಲ್ಲೋ ಗ್ರಾಮ ಒನ್ ಕೇಂದ್ರದಲ್ಲೋ ಎರಡು ದಿನ ಕೂತು ನೋಡಿ. ಕೀಲಿಮಣೆ ಆಪರೇಟರ್ ಕೈಯಲ್ಲಿರುತ್ತದೆ. ರೈತ ಎದುರು ನಿಂತು ಕಾಗದ ಕೊಡುತ್ತಿರುತ್ತಾರೆ, ಪರದೆ ಅವರಿಗೆ ಕಾಣುವುದೇ ಇಲ್ಲ. ಓಟಿಪಿ ಬರುವ ಫೋನು ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗನ ಬಳಿ ಇರುತ್ತದೆ. ಮಗ ಮೀಟಿಂಗಿನಲ್ಲಿದ್ದರೆ ಓಟಿಪಿಯ ಅವಧಿ ಮುಗಿಯುತ್ತದೆ, ಅರ್ಜಿ ಮೊದಲಿನಿಂದ.

ಹಾಗಾಗಿ ನಿಮ್ಮ ಬಳಕೆದಾರರು ಕನಿಷ್ಠ ನಾಲ್ವರು: ರೈತ, ತುಂಬಿಕೊಡುವ ಆಪರೇಟರ್, ಕಡತ ನೋಡುವ ಕೇಸ್ ವರ್ಕರ್, ತೋಟಕ್ಕೆ ಬಂದು ಪರಿಶೀಲಿಸುವ ಅಧಿಕಾರಿ. ಪ್ರತಿಯೊಬ್ಬರ ಬಳಿಯೂ 'ಹೇಗಿದೆ' ಎಂದು ಕೇಳಬೇಡಿ. ನಮ್ಮ ಜನ 'ಚೆನ್ನಾಗಿದೆ ಸಾರ್' ಎಂದು ಮರ್ಯಾದೆಗೆ ಹೇಳಿಬಿಡುತ್ತಾರೆ. 'ಹೋದ ವಾರದ ಒಂದು ಅರ್ಜಿ ತೋರಿಸಿ, ಅದೇ ಥರ ಇನ್ನೊಂದು ತುಂಬಿ' ಎಂದು ಹೇಳಿ ಸುಮ್ಮನೆ ನೋಡಿ. ಆಪರೇಟರ್ ಮೇಜಿನ ಗಾಜಿನ ಕೆಳಗೆ ಚೀಟಿ ಅಂಟಿಸಿಕೊಂಡಿದ್ದರೆ ಅದರ ಫೋಟೊ ತೆಗೆಯಿರಿ. ತಂತ್ರಾಂಶ ಹೇಳದೆ ಬಿಟ್ಟಿದ್ದೆಲ್ಲ ಆ ಚೀಟಿಯಲ್ಲಿರುತ್ತದೆ.

ಹೆಣ್ಣುಮಕ್ಕಳ ಜೊತೆ ಮಾತಾಡುವುದನ್ನು ಮರೆಯಬೇಡಿ. ಹೊಲದ ಕೆಲಸ ಅವರದು, ಪಹಣಿ ಗಂಡನ ಅಥವಾ ಮಾವನ ಹೆಸರಿನದು. ಹಾಗೆಯೇ ಮಲೆನಾಡಿನ ತಾಲ್ಲೂಕುಗಳಲ್ಲಿ ಬಗರ್‌ಹುಕುಂ ಅರ್ಜಿ ಹಾಕಿ ವರ್ಷಗಟ್ಟಲೆ ಕಾಯುತ್ತಿರುವವರು ಸಿಗುತ್ತಾರೆ. ಸಾಗುವಳಿ ಇದೆ, ಪಹಣಿ ಇಲ್ಲ. ಇವರಿಗೆ ಯೋಜನೆ ಸಿಗುತ್ತದೋ ಇಲ್ಲವೋ ಎನ್ನುವುದು ನೀತಿಯ ವಿಷಯ, ವಿನ್ಯಾಸಕರ ಕೈಯಲ್ಲಿಲ್ಲ. ಆದರೆ 12 ಪುಟ ತುಂಬಿಸಿಕೊಂಡು ಕೊನೆಗೆ 'ಸರ್ವೆ ನಂಬರ್ ಕಡ್ಡಾಯ' ಎಂದು ಹೇಳುವುದು ನಮ್ಮ ಕೈಯಲ್ಲೇ ಇದೆ, ಅದನ್ನು ನಾವು ಮಾಡಬಾರದು.

ಮೂರನೇ ಹೆಜ್ಜೆ: ಗೊತ್ತಿರುವುದನ್ನು ಮತ್ತೆ ಕೇಳಬೇಡಿ

ಈಗಿನ ಅರ್ಜಿಯ ಪ್ರತಿ ಖಾನೆಯನ್ನೂ ಒಂದೊಂದು ಚೀಟಿಯ ಮೇಲೆ ಬರೆದು ಗೋಡೆಗೆ ಅಂಟಿಸಿ. ಪ್ರತಿಯೊಂದರ ಕೆಳಗೆ ಒಂದು ಉತ್ತರ ಬರೆಯಿರಿ: ಇದು ಸರ್ಕಾರದ ಯಾವ ದತ್ತಾಂಶದಲ್ಲಿ ಈಗಾಗಲೇ ಇದೆ? ಕರ್ನಾಟಕದಲ್ಲಿ ಈ ಕೆಲಸಕ್ಕೆ ಬೇಕಾದ ತಳಪಾಯ ಬೇರೆ ಅನೇಕ ಕಡೆಗಳಿಗಿಂತ ಗಟ್ಟಿಯಾಗಿದೆ. ಪಹಣಿ 2000ದ ಹೊತ್ತಿನಿಂದಲೇ ಭೂಮಿ ತಂತ್ರಾಂಶದಲ್ಲಿದೆ. ರೈತನ ಹೆಸರು, ಜಮೀನು, ಖಾತೆಯ ವಿವರಗಳು ಫ್ರೂಟ್ಸ್ ಎಂಬ ರೈತರ ನೋಂದಣಿ ತಂತ್ರಾಂಶ ಕೊಡುವ ಎಫ್‌ಐಡಿ, ಅಂದರೆ ರೈತನ ಗುರುತಿನ ಸಂಖ್ಯೆಯ ಹಿಂದಿವೆ. ಜಾತಿ, ಆದಾಯ ಪ್ರಮಾಣಪತ್ರಗಳಿಗೆ ನಾಡಕಚೇರಿ ಕೊಟ್ಟ ಆರ್‌ಡಿ ಸಂಖ್ಯೆ ಇದೆ. ಯಾವ ಸರ್ವೆ ನಂಬರಿನಲ್ಲಿ ಏನು ಬೆಳೆ ಎಂಬುದು ಬೆಳೆ ಸಮೀಕ್ಷೆಯಲ್ಲಿದೆ.

ಇಷ್ಟೆಲ್ಲ ಇದ್ದೂ ಪಹಣಿಯ ಜೆರಾಕ್ಸ್ ತರಲು ಹೇಳುವುದು ಸರ್ಕಾರ ತನ್ನ ಕಾಗದವನ್ನು ತಾನೇ ರೈತನ ಕೈಯಲ್ಲಿ ತರಿಸಿಕೊಂಡಂತೆ. ಎಫ್‌ಐಡಿ ಕೊಟ್ಟ ಕೂಡಲೇ ವಿವರ ತಾನಾಗಿ ಬರಲಿ, ರೈತ 'ಹೌದು, ಇದು ನನ್ನದೇ' ಎನ್ನಲಿ, ಇಲ್ಲವಾದರೆ 'ಇದು ಬದಲಾಗಿದೆ' ಎಂದು ತಿಳಿಸಲಿ. ಅಷ್ಟು ಸಾಕು.

ಇಲ್ಲೊಂದು ಎಚ್ಚರಿಕೆ. ತಾನಾಗಿ ಬರುವ ಮಾಹಿತಿ ತಪ್ಪಾಗಿದ್ದರೆ ರೈತನಿಗೆ ಅದನ್ನು ತಿದ್ದುವ ದಾರಿ ಕಾಣಬೇಕು. ಹೆಸರು ಪಹಣಿಯಲ್ಲೇ ತಪ್ಪಿದ್ದರೆ 'ತಹಶೀಲ್ದಾರ್ ಕಚೇರಿಯಲ್ಲಿ ತಿದ್ದುಪಡಿಗೆ ಅರ್ಜಿ ಕೊಡಬೇಕು, ಅದು ಮುಗಿಯುವವರೆಗೆ ನಿಮ್ಮ ಈ ಅರ್ಜಿ ಇಲ್ಲೇ ಉಳಿದಿರುತ್ತದೆ' ಎಂದು ಸ್ಪಷ್ಟವಾಗಿ ಹೇಳಿ. ತುಂಬಿದ್ದು ಅಳಿಸಿಹೋಗುತ್ತದೆ ಎಂಬ ಭಯ ಯಾರಿಗೂ ಇರಬಾರದು.

ನಾಲ್ಕನೇ ಹೆಜ್ಜೆ: 'ನನಗೆ ಸಿಗುತ್ತದಾ?' ಎಂಬುದಕ್ಕೆ ಮೊದಲು ಉತ್ತರ

ಕೌಂಟರಿಗೆ ಬಂದವರ ಮೊದಲ ಪ್ರಶ್ನೆ ಇದೇ. ನಾಲ್ಕೈದು ಪ್ರಶ್ನೆಗಳಲ್ಲಿ ಉತ್ತರ ಕೊಡಿ: ಜಮೀನು ಯಾರ ಹೆಸರಿನಲ್ಲಿದೆ, ಎಷ್ಟಿದೆ, ನೀರಿನ ಮೂಲ ಇದೆಯೇ, ಇದೇ ಸರ್ವೆ ನಂಬರಿಗೆ ಹಿಂದೆ ಸಬ್ಸಿಡಿ ಪಡೆದಿದ್ದೀರಾ. ಇದಕ್ಕೆ ಲಾಗಿನ್ ಬೇಡ, ಆಧಾರ್ ಬೇಡ. ಉತ್ತರದಲ್ಲಿ ಶೇಕಡಾವಾರು ಮಾತ್ರ ತೋರಿಸಿ ನಿಲ್ಲಿಸಬೇಡಿ. ಉಪಕರಣದ ಬೆಲೆ 60,000 ರೂಪಾಯಿ, ಸಹಾಯಧನ ಶೇ 50 ಎಂದಿಟ್ಟುಕೊಂಡರೆ 'ಸರ್ಕಾರ ಕೊಡುವುದು 30,000, ನಿಮ್ಮ ವಂತಿಕೆ 30,000' ಎಂದು ರೂಪಾಯಿಯಲ್ಲೇ ಹೇಳಿ. ಪೂರ್ತಿ ದುಡ್ಡನ್ನು ಮೊದಲು ರೈತನೇ ಕಟ್ಟಿ ಆಮೇಲೆ ವಾಪಸ್ಸು ಪಡೆಯಬೇಕಾದ ಯೋಜನೆಯಾದರೆ ಅದನ್ನು ಈ ಪುಟದಲ್ಲೇ ದಪ್ಪಕ್ಷರದಲ್ಲಿ ಬರೆಯಿರಿ. ಸಾಲ ಮಾಡಬೇಕೇ ಬೇಡವೇ ಎಂದು ಮನೆಯಲ್ಲಿ ತೀರ್ಮಾನಿಸುವುದು ಈ ಒಂದು ಸಾಲಿನ ಮೇಲೆ.

ಹೋಬಳಿಗೆ ಈ ವರ್ಷ ಎಷ್ಟು ಗುರಿ, ಅದರಲ್ಲಿ ಎಷ್ಟು ಉಳಿದಿದೆ, ಜ್ಯೇಷ್ಠತಾ ಪಟ್ಟಿಯಲ್ಲಿ ಈಗ ಎಷ್ಟು ಜನ ಮುಂದಿದ್ದಾರೆ ಎಂಬುದನ್ನೂ ತೋರಿಸಿ. ಇದಕ್ಕೆ ಇಲಾಖೆಯೊಳಗೆ ವಿರೋಧ ಬರಬಹುದು. ಆದರೂ ಬಿಡಬೇಡಿ. 'ಅನುದಾನ ಮುಗಿದಿದೆ' ಎಂಬ ಮಾತನ್ನು ಜನ ನಂಬದಿರಲು ಕಾರಣ ಅದು ಕಣ್ಣಿಗೆ ಕಾಣದಿರುವುದು.

ಐದನೇ ಹೆಜ್ಜೆ: ಒಂದೊಂದೇ ಖಾನೆ, ಒಂದೊಂದೇ ಪ್ರಶ್ನೆ

ಒಂದು ಪುಟಕ್ಕೆ ಒಂದೇ ವಿಷಯ ಕೇಳಿ. ಉದ್ದನೆಯ ಒಂದೇ ಪುಟದ ಅರ್ಜಿ ಆಪರೇಟರ್‌ಗೆ ಬೇಗ ಎನಿಸಬಹುದು. ಆದರೆ ಮಧ್ಯೆ ಕರೆಂಟು ಹೋದರೆ ಎಲ್ಲವೂ ಹೋಗುತ್ತದೆ, ಮತ್ತು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿನಲ್ಲಿ ಕರೆಂಟು ಹೋಗುವುದು ನಿತ್ಯದ ಮಾತು. ಪ್ರತಿ ಉತ್ತರವೂ ಆ ಕ್ಷಣವೇ ಉಳಿಯಬೇಕು.

ಇನ್ನು ಖಾನೆಗಳು. ನನ್ನ ಅನುಭವದಲ್ಲಿ ಹೆಚ್ಚು ಓಡಾಟ ಹುಟ್ಟಿಸುವುದು ಇವೇ, ಹಾಗಾಗಿ ನಿಧಾನವಾಗಿ ಹೇಳುತ್ತೇನೆ.

ವಿಸ್ತೀರ್ಣದ ಬಗ್ಗೆ ಆಗಲೇ ಹೇಳಿದೆ. ಎಕರೆ, ಗುಂಟೆ ಎರಡು ಖಾನೆ; ಗುಂಟೆಯ ಖಾನೆ 39ಕ್ಕಿಂತ ಹೆಚ್ಚು ಒಪ್ಪಬಾರದು; ಕೆಳಗೆ ಹೆಕ್ಟೇರ್ ಲೆಕ್ಕವನ್ನು ಯಂತ್ರವೇ ಮಾಡಿ ತೋರಿಸಲಿ. ಹೆಕ್ಟೇರ್ ಬೇಕಾಗಿರುವುದು ಮಾರ್ಗಸೂಚಿಗೆ, ರೈತನಿಗಲ್ಲ.

ಸರ್ವೆ ನಂಬರ್ ಇನ್ನೂ ಕಷ್ಟದ್ದು. ಭೂಮಿ ದಾಖಲೆಯಲ್ಲಿ ಅದು ಸರ್ವೆ ನಂಬರ್, ಅದರ ಉಪಸಂಕೇತವಾದ ಸರ್ನೋಕ್, ಜಮೀನಿನ ಪಾಲನ್ನು ತೋರಿಸುವ ಹಿಸ್ಸಾ ಎಂದು ಒಡೆದಿರುತ್ತದೆ. ಸರ್ನೋಕ್ ಜಾಗದಲ್ಲಿ ಬಹಳ ಸಲ ಬರೀ ನಕ್ಷತ್ರ ಚಿಹ್ನೆ. ಜನ ಹೇಳುವುದು 'ನಲವತ್ತೈದು ಬಾರ್ ಎರಡು'. ಆ ಒಂದು ಉತ್ತರವನ್ನು ತೆಗೆದುಕೊಂಡು ಒಡೆಯುವ ಕೆಲಸ ತಂತ್ರಾಂಶ ಮಾಡಲಿ. ಎಫ್‌ಐಡಿಯಿಂದ ಜಮೀನುಗಳ ಪಟ್ಟಿ ಬರುತ್ತದಾದರೆ ಟೈಪ್ ಮಾಡಿಸಲೇಬೇಡಿ, ಪಟ್ಟಿಯಿಂದ ಆರಿಸಲಿ. ಪಟ್ಟಿಯ ಪ್ರತಿ ಸಾಲಿನಲ್ಲೂ ಊರು ಮತ್ತು ಹೋಬಳಿ ಎರಡೂ ಇರಲಿ, ಏಕೆಂದರೆ ಒಂದೇ ತಾಲ್ಲೂಕಿನಲ್ಲಿ ಹೊಸಹಳ್ಳಿ ಎಂಬ ಹೆಸರು ಒಂದಕ್ಕಿಂತ ಹೆಚ್ಚು ಸಲ ಸಿಗಬಹುದು.

ಹೆಸರು. ಆಧಾರ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಇನಿಶಿಯಲ್ ಸಮೇತ, ಪಹಣಿಯಲ್ಲಿ 'ಮಂಜೇಗೌಡ ಬಿನ್ ಸಿದ್ದೇಗೌಡ', ಪಾಸ್‌ಬುಕ್‌ನಲ್ಲಿ ಕೊನೆಯ ಸ್ವರ ಬಿಟ್ಟುಹೋದ ಇನ್ನೊಂದು ರೂಪ. ಹೆಣ್ಣುಮಕ್ಕಳಿಗೆ 'ಕೋಂ' ಸೇರಿ ಮತ್ತಷ್ಟು ಗೊಂದಲ. ಅಕ್ಷರಕ್ಕೆ ಅಕ್ಷರ ಹೋಲಿಸುವ ತಂತ್ರಾಂಶ ಈ ಮೂರನ್ನೂ ಬೇರೆ ಬೇರೆ ಜನ ಎನ್ನುತ್ತದೆ. ಹೋಲಿಸುವ ಮೊದಲು ಬಿನ್, ಕೋಂ, ಇನಿಶಿಯಲ್‌ಗಳನ್ನು ಬದಿಗಿಡಿ, ಹ್ರಸ್ವ ದೀರ್ಘಗಳ ವ್ಯತ್ಯಾಸ ಸಹಿಸಿಕೊಳ್ಳಿ, ಹತ್ತಿರದ ಹೋಲಿಕೆ ಸಿಕ್ಕರೆ ಕೇಸ್ ವರ್ಕರ್ ಪರದೆಯ ಮೇಲೆ ಮೂರೂ ಹೆಸರನ್ನು ಒಂದರ ಕೆಳಗೊಂದು ತೋರಿಸಿ 'ಒಬ್ಬರೇ' ಎಂಬ ಗುಂಡಿ ಕೊಡಿ. ಸ್ಟಾಂಪ್ ಪೇಪರಿನ ಅಫಿಡವಿಟ್ ಕೇಳುವುದು ಕೊನೆಯ ಆಯ್ಕೆಯಾಗಿರಲಿ.

ಆಧಾರ್ ಸಂಖ್ಯೆಯ 12ನೇ ಅಂಕೆ ಮೊದಲ 11 ಅಂಕೆಗಳಿಂದ ಲೆಕ್ಕ ಹಾಕಿ ಬಂದ ತಪಾಸಣೆಯ ಅಂಕೆ. ಹಾಗಾಗಿ ಒಂದು ಅಂಕೆ ತಪ್ಪಿದರೆ ಇಂಟರ್ನೆಟ್ ಇಲ್ಲದೆಯೂ ಅಲ್ಲೇ ಹೇಳಬಹುದು. ಅರ್ಜಿ ಸಲ್ಲಿಸಿದ ಮೂರು ದಿನದ ಮೇಲೆ ಹೇಳುವುದಕ್ಕೆ ಯಾವ ನೆಪವೂ ಇಲ್ಲ. ತೋರಿಸುವಾಗ ಕೊನೆಯ ನಾಲ್ಕು ಅಂಕೆ ಮಾತ್ರ ತೋರಿಸಿ. ಆಪರೇಟರ್‌ನ ಹಿಂದೆ ಸಾಲು ನಿಂತವರೆಲ್ಲ ಪರದೆ ನೋಡುತ್ತಿರುತ್ತಾರೆ.

ಬ್ಯಾಂಕಿನ ಖಾನೆ ಇದ್ದಷ್ಟು ಕಾಲ ತೊಂದರೆ ತಪ್ಪಿದ್ದಲ್ಲ. ಐಎಫ್‌ಎಸ್‌ಸಿ ಸಂಕೇತ 11 ಅಕ್ಷರದ್ದು, ಅದರ ಐದನೆಯದು ಯಾವಾಗಲೂ ಸೊನ್ನೆ. ಜನ ಅಲ್ಲಿ ಇಂಗ್ಲಿಷಿನ 'ಓ' ಒತ್ತುತ್ತಾರೆ. ಆ ಜಾಗದಲ್ಲಿ 'ಓ' ಬಂದರೆ ಸೊನ್ನೆ ಎಂದೇ ತಿಳಿದುಕೊಳ್ಳಿ, ಬೈಯಬೇಡಿ. ಇನ್ನು ವಿಲೀನಗಳು. ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾ ಸೇರಿತು. 2020ರಲ್ಲಿ ಸಿಂಡಿಕೇಟ್ ಬ್ಯಾಂಕ್ ಕೆನರಾಕ್ಕೂ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೂ ಹೋದವು. ಚಿಕ್ಕಮಗಳೂರು-ಕೊಡಗು ಗ್ರಾಮೀಣ ಬ್ಯಾಂಕ್ 2012ರಲ್ಲಿ ಕಾವೇರಿ ಗ್ರಾಮೀಣ ಬ್ಯಾಂಕಿನಲ್ಲಿ ಸೇರಿತು, ಅದು 2019ರಲ್ಲಿ ಕರ್ನಾಟಕ ಗ್ರಾಮೀಣ ಬ್ಯಾಂಕಿನಲ್ಲಿ ಸೇರಿತು. ಮನೆಯ ಟ್ರಂಕಿನಲ್ಲಿರುವ ಪಾಸ್‌ಬುಕ್ ಮಾತ್ರ ಹಳೆಯದೇ. ಹಳೆಯ ಬ್ಯಾಂಕಿನ ಹೆಸರು ಹುಡುಕಿದರೆ ಹೊಸದು ಸಿಗುವಂತೆ ಪಟ್ಟಿ ಮಾಡಿ.

ಇದಕ್ಕಿಂತ ಮುಖ್ಯವಾದ ಸಂಗತಿ ಬಹಳ ಜನರಿಗೆ ಗೊತ್ತಿಲ್ಲ. ಆಧಾರ್ ಮೂಲಕ ಹಣ ವರ್ಗಾಯಿಸುವ ಯೋಜನೆಗಳಲ್ಲಿ ದುಡ್ಡು ಅರ್ಜಿಯಲ್ಲಿ ಬರೆದ ಖಾತೆಗೆ ಹೋಗುವುದಿಲ್ಲ. ಬ್ಯಾಂಕುಗಳ ನಡುವಿನ ಪಾವತಿ ನಡೆಸುವ ಎನ್‌ಪಿಸಿಐ ಸಂಸ್ಥೆಯ ಪಟ್ಟಿಯಲ್ಲಿ ಆಧಾರ್ ಜೊತೆ ಕೊನೆಯದಾಗಿ ಜೋಡಣೆಯಾದ ಬ್ಯಾಂಕಿಗೆ ಹೋಗುತ್ತದೆ. ರೈತ ಇತ್ತೀಚೆಗೆ ಬೇರೆಲ್ಲೋ ತೆರೆದು ಮರೆತ ಖಾತೆಗೆ ಸಬ್ಸಿಡಿ ಬಿದ್ದು, 'ಬಂದಿಲ್ಲ' ಎಂದು ಅವರು ವರ್ಷವಿಡೀ ಕಚೇರಿಗೆ ಅಲೆದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹಾಗಾಗಿ ಸಲ್ಲಿಸುವ ಮೊದಲು ಒಂದು ಪುಟ ಕಡ್ಡಾಯವಾಗಿರಲಿ: 'ನಿಮ್ಮ ಹಣ ಇಂಥ ಬ್ಯಾಂಕಿನ ಖಾತೆಗೆ ಬರುತ್ತದೆ. ಇದು ನೀವು ಬಳಸುವ ಖಾತೆಯೇ?' ಅಲ್ಲ ಎಂದರೆ ಯಾವ ಬ್ಯಾಂಕಿಗೆ ಹೋಗಿ ಏನು ಕೇಳಬೇಕೆಂದು ಹೇಳಿ.

ಫೋಟೊ ಮತ್ತು ದಾಖಲೆಗಳ ಬಗ್ಗೆ ಒಂದೇ ಮಾತು: '200 ಕೆಬಿ ಒಳಗಿರಬೇಕು' ಎಂದು ಜನರಿಗೆ ಹೇಳಬೇಡಿ. ಕುಗ್ಗಿಸುವುದು ತಂತ್ರಾಂಶದ ಕೆಲಸ.

ಆರನೇ ಹೆಜ್ಜೆ: ಕನ್ನಡದಲ್ಲೇ ಯೋಚಿಸಿ ಬರೆಯಿರಿ

ಇಂಗ್ಲಿಷಿನಲ್ಲಿ ಪರದೆ ಮುಗಿಸಿ ಕೊನೆಯ ವಾರ ಅನುವಾದಕ್ಕೆ ಕೊಡುವ ರೂಢಿ ಬಿಡಬೇಕು. ಮೊದಲ ಕರಡೇ ಕನ್ನಡದಲ್ಲಿರಲಿ. 'ಸದರಿ ಅರ್ಜಿಯನ್ನು ಪರಿಶೀಲಿಸಲಾಗಿ, ಅಗತ್ಯ ದಾಖಲೆಗಳ ಕೊರತೆಯಿಂದಾಗಿ ತಿರಸ್ಕರಿಸಲಾಗಿದೆ' ಎಂಬ ಹಿಂಬರಹದ ಭಾಷೆಯಲ್ಲಿ ಯಾವ ದಾಖಲೆ, ಎಲ್ಲಿ ಸಿಗುತ್ತದೆ, ಎಂದಿನೊಳಗೆ ಕೊಡಬೇಕು ಎಂಬ ಮೂರೂ ಇಲ್ಲ. 'ನಿಮ್ಮ ಕೊಳವೆಬಾವಿಯ ಆರ್‌ಆರ್ ನಂಬರ್ ಇಲ್ಲ. ಅದು ಕರೆಂಟು ಬಿಲ್ಲಿನ ಮೇಲಿದೆ. ಜೂನ್ 20ರೊಳಗೆ ಫೋಟೊ ಕಳಿಸಿ, ಅರ್ಜಿ ಮುಂದುವರಿಯುತ್ತದೆ' ಎಂದು ಬರೆದರೆ ಜನ ಅಲ್ಲಿಂದಲೇ ಕಳಿಸುತ್ತಾರೆ.

ಹುಡುಕಾಟದಲ್ಲಿ ಜನ ಆಡುವ ಮಾತು ಸಿಗಬೇಕು. ನಮ್ಮಲ್ಲಿ ಪಹಣಿಯನ್ನು 'ಪಾಣಿ' ಎನ್ನುವವರೇ ಹೆಚ್ಚು. ಸಕಲೇಶಪುರ, ಸಕ್ಲೇಶಪುರ ಎರಡೂ ಒಂದೇ ಊರಿಗೆ ಕರೆದೊಯ್ಯಲಿ. ಹೊಳೆನರಸೀಪುರ ಎಂದರೂ ಹೊಳೇನರಸೀಪುರ ಎಂದರೂ ಅಷ್ಟೇ. ಸಹಾಯಧನ, ಸಬ್ಸಿಡಿ ಇವೂ ಹಾಗೆಯೇ.

ಅಕ್ಷರವಿನ್ಯಾಸಕ್ಕೆ ಕನ್ನಡದ್ದೇ ಅಗತ್ಯಗಳಿವೆ. ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುವುದರಿಂದ ಇಂಗ್ಲಿಷಿಗೆ ಸಾಕಾಗುವ ಸಾಲಿನ ಅಂತರ ಇಲ್ಲಿ ಸಾಲದು. ಅಕ್ಷರದ ಗಾತ್ರದ ಒಂದೂಮುಕ್ಕಾಲು ಪಟ್ಟು ಇಟ್ಟರೆ 'ಸ್ತ್ರೀ' ಎಂಬಂಥ ಅಕ್ಷರ ಕೆಳಗಿನ ಸಾಲಿಗೆ ತಗಲುವುದಿಲ್ಲ. ಗುಂಡಿಗಳ ಅಗಲವನ್ನು ಕನ್ನಡ ಪದಕ್ಕೆ ಅಳೆದು ಮಾಡಿ. ನೋಟೋ ಸಾನ್ಸ್ ಕನ್ನಡದಂಥ ಯೂನಿಕೋಡ್ ಅಕ್ಷರಶೈಲಿಯನ್ನು ತಂತ್ರಾಂಶದ ಜೊತೆಗೇ ಕಳಿಸಿ, ಹಳೆಯ ಕಂಪ್ಯೂಟರಿನಲ್ಲಿ ಏನಿದೆಯೋ ಎಂದು ನಂಬಿ ಕೂರಬೇಡಿ. ಹಳೆಯ ಕಡತಗಳಲ್ಲಿ ಯೂನಿಕೋಡ್ ಅಲ್ಲದ, 'ನುಡಿ' ತಂತ್ರಾಂಶದ ಅಕ್ಷರಗಳ ದತ್ತಾಂಶ ಇದ್ದರೆ ಪರಿವರ್ತಿಸಿದ ಮೇಲೆ ಅರ್ಕಾವತ್ತು ಬರುವ ಹೆಸರುಗಳನ್ನು ಕೈಯಾರೆ ಪರೀಕ್ಷಿಸಿ. ಕೆಡುವುದು ಹೆಚ್ಚಾಗಿ ಅಲ್ಲೇ.

ಭಾರತ ಸರ್ಕಾರದ ಜಾಲತಾಣಗಳ ಮಾರ್ಗಸೂಚಿಯ ಮೂರನೇ ಆವೃತ್ತಿ 2023ರಲ್ಲಿ ಬಂದಿದೆ. ಬಣ್ಣದ ವ್ಯತ್ಯಾಸ ಕನಿಷ್ಠ 4.5ಕ್ಕೆ 1 ಇರಬೇಕೆಂಬ ನಿಯಮ ಬಿಸಿಲಲ್ಲಿ ಫೋನು ನೋಡುವ ಎಲ್ಲರಿಗೂ ಬೇಕು. ತೆಳು ಬೂದು ಅಕ್ಷರಗಳ ಮೋಹವನ್ನು ಇಲ್ಲಿ ಬಿಟ್ಟುಬಿಡಿ.

ಏಳನೇ ಹೆಜ್ಜೆ: 'ಎಲ್ಲಿಗ್ ಬಂತು ನಮ್ಮರ್ಜಿ?'

ಕಚೇರಿಗೆ ಬರುವವರಲ್ಲಿ ಎಷ್ಟೋ ಜನ ಈ ಒಂದು ಪ್ರಶ್ನೆ ಕೇಳಲು ಬಂದಿರುತ್ತಾರೆ. 'ಪ್ರಗತಿಯಲ್ಲಿದೆ' ಎಂಬುದು ಅದಕ್ಕೆ ಉತ್ತರವೇ ಅಲ್ಲ. ಯಾರ ಮೇಜಿನ ಮೇಲಿದೆ, ಎಂದಿನಿಂದ ಇದೆ, ಮುಂದೇನು, ಅದರಲ್ಲಿ ರೈತ ಮಾಡಬೇಕಾದ್ದು ಏನಾದರೂ ಇದೆಯೇ, ಈ ನಾಲ್ಕನ್ನು ಹೇಳಿ. ಮಾಡಬೇಕಾದ್ದು ಏನೂ ಇಲ್ಲದಿದ್ದರೆ 'ನೀವು ಬರಬೇಕಾಗಿಲ್ಲ' ಎಂದು ಬರೆಯಿರಿ. ಈ ಎರಡು ಪದದಿಂದ ಉಳಿಯುವ ಬಸ್ ಚಾರ್ಜು ಸಣ್ಣದಲ್ಲ. ಸೇವೆಯನ್ನು ಗಡುವಿನೊಳಗೆ ಕೊಡಬೇಕೆನ್ನುವ ಸಕಾಲ ಕಾಯ್ದೆಯಡಿ ಬರುವುದಾದರೆ ಗಡುವಿನ ದಿನಾಂಕವನ್ನೂ ತೋರಿಸಿ.

ಎಸ್ಸೆಮ್ಮೆಸ್ ಇನ್ನೂ ಹಳ್ಳಿಯ ಫೋನುಗಳಿಗೆ ಖಚಿತವಾಗಿ ತಲುಪುವ ದಾರಿ. ಆದರೆ ಇಂಗ್ಲಿಷಿನಲ್ಲಿ ಒಂದು ಸಂದೇಶಕ್ಕೆ 160 ಅಕ್ಷರ ಹಿಡಿಸಿದರೆ ಕನ್ನಡದಲ್ಲಿ 70 ಮಾತ್ರ, ಮತ್ತು ಆ ಎಣಿಕೆಯೂ ನಮ್ಮ ಅಕ್ಷರದ ಎಣಿಕೆಯಲ್ಲ. ಕಣ್ಣಿಗೆ ಎರಡೇ ಅಕ್ಷರವಾಗಿ ಕಾಣುವ 'ಕ್ಷೇತ್ರ' ಎಂಬ ಪದ ಯೂನಿಕೋಡ್‌ನಲ್ಲಿ 7 ಸಂಕೇತ. ಹಾಗಾಗಿ ಸಂದೇಶವನ್ನು ಚಿನ್ನದಂತೆ ತೂಗಿ ಬರೆಯಬೇಕು: 'ಅರ್ಜಿ 4471: ತೋಟ ನೋಡಲು ಜೂ.12ಕ್ಕೆ ಬರುತ್ತೇವೆ. ಪಹಣಿ ಬೇಡ. ಮನೆಯಲ್ಲಿರಿ.' ಇದು 70ರೊಳಗೆ ನಿಲ್ಲುತ್ತದೆ. ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್‌ನ ನಿಯಮದಂತೆ ಸಂದೇಶದ ಮಾದರಿಯನ್ನು ಮೊದಲೇ ನೋಂದಾಯಿಸಬೇಕಾಗಿರುವುದರಿಂದ ಇದನ್ನು ಕೊನೆಗೆ ಬಿಡಬೇಡಿ. ಕೊನೆಗೆ ಬಿಟ್ಟರೆ ಯಾರೋ ಅವಸರದಲ್ಲಿ ಇಂಗ್ಲಿಷ್ ಮಾದರಿ ನೋಂದಾಯಿಸುತ್ತಾರೆ, ಅದೇ ವರ್ಷಗಟ್ಟಲೆ ಉಳಿಯುತ್ತದೆ. ಫೋನು ಮಗನ ಬಳಿ ಇದ್ದರೆ ಎರಡನೇ ನಂಬರ್ ಸೇರಿಸಲು ಜಾಗ ಕೊಡಿ.

ಎಂಟನೇ ಹೆಜ್ಜೆ: ಮೇಜಿನ ಆ ಬದಿಯವರ ಪರದೆ

ಸಾರ್ವಜನಿಕರ ಪುಟ ಚೆಂದ ಮಾಡಿ, ಕೇಸ್ ವರ್ಕರ್‌ಗೆ ಹಳೆಯ ಎಕ್ಸೆಲ್‌ನಂಥ ಪರದೆ ಕೊಟ್ಟರೆ ಕಡತ ಅಲ್ಲೇ ನಿಲ್ಲುತ್ತದೆ. ಅವರ ಮೇಲೆ ಹತ್ತು ಯೋಜನೆಗಳ ಭಾರ ಇರುತ್ತದೆ, ಮಾರ್ಚ್ 31ರ ಒತ್ತಡ ಬೇರೆ. ಅವರಿಗೆ ಬೇಕಾದ್ದು: ಗಡುವು ಹತ್ತಿರವಾದ ಅರ್ಜಿ ಮೇಲೆ, ದಾಖಲೆ ಎಡಕ್ಕೆ ಮತ್ತು ತಾಳೆ ನೋಡಬೇಕಾದ ವಿವರ ಬಲಕ್ಕೆ, ಒಂದೇ ನೋಟದಲ್ಲಿ. ಕೊರತೆ ಕಂಡರೆ ಎಲ್ಲ ಕೊರತೆಗಳನ್ನೂ ಒಂದೇ ಸಲ ಗುರುತಿಸಿದ ಮೇಲೆ ಮಾತ್ರ ವಾಪಸ್ಸು ಕಳಿಸಲು ಸಾಧ್ಯವಾಗಲಿ. ಇವತ್ತು ಫೋಟೊ ಇಲ್ಲ ಎಂದು, ಮುಂದಿನ ವಾರ ಸಹಿ ಇಲ್ಲ ಎಂದು ಎರಡು ಸಲ ಹಿಂತಿರುಗಿಸುವುದು ಜನರನ್ನು ಹೆಚ್ಚು ನೋಯಿಸುತ್ತದೆ.

ತೋಟಕ್ಕೆ ಹೋಗುವ ಅಧಿಕಾರಿಯ ಆ್ಯಪ್ ನೆಟ್‌ವರ್ಕ್ ಇಲ್ಲದೆ ಕೆಲಸ ಮಾಡಬೇಕು. ಹೆತ್ತೂರು, ಬಿಸಿಲೆ ಕಡೆ, ಅತ್ತ ಕಳಸದ ಕಡೆ ಹೋದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕಾಫಿ ತೋಟದ ಮರದ ನೆರಳಿನಲ್ಲಿ ಜಿಪಿಎಸ್ ಹಲವು ಮೀಟರ್ ಆಚೀಚೆ ತೋರಿಸುತ್ತದೆ. 'ಜಾಗ ತಾಳೆಯಾಗಿಲ್ಲ' ಎಂದು ಫೋಟೊವನ್ನೇ ತಿರಸ್ಕರಿಸುವ ಬದಲು ನಿಖರತೆ ಎಷ್ಟೆಂದು ದಾಖಲಿಸಿ, ಬಯಲಿಗೆ ಬಂದು ಇನ್ನೊಂದು ಫೋಟೊ ತೆಗೆಯಲು ಸೂಚಿಸಿ.

ಒಂಬತ್ತನೇ ಹೆಜ್ಜೆ: ಡೈರಿಯ ಹತ್ತಿರ ಪರೀಕ್ಷೆ

ಕಚೇರಿಯೊಳಗೆ ಕರೆದು ಪರೀಕ್ಷೆ ಮಾಡಬೇಡಿ, ಅಲ್ಲಿ ಜನ ಹೆದರಿ ಕೂರುತ್ತಾರೆ. ಊರಿನ ಹಾಲಿನ ಡೈರಿಗೆ ಬೆಳಿಗ್ಗೆ ಹೋಗಿ. ಗಂಡಸರು, ಹೆಂಗಸರು, ಹುಡುಗರು ಎಲ್ಲ ಬಂದು ಹಾಲು ಹಾಕಿ ಸ್ವಲ್ಪ ಹೊತ್ತು ನಿಲ್ಲುವ ಜಾಗ ಅದು. ಮೊದಲ ಸುತ್ತಿಗೆ ಕಾಗದದ ಮೇಲೆ ಬರೆದ ಪರದೆಗಳು ಸಾಕು. ಎರಡನೇ ಸುತ್ತಿಗೆ ಅಗ್ಗದ, ಗಾಜು ಬಿರಿದ ಫೋನು ಒಯ್ಯಿರಿ. ಬಿಸಿಲಲ್ಲಿ, ಒದ್ದೆ ಬೆರಳಲ್ಲಿ ಒತ್ತಿಸಿ ನೋಡಿ.

ಐದು ಜನರ ಮೇಲೆ ಪರೀಕ್ಷಿಸಿದರೆ ಶೇ 85ರಷ್ಟು ತೊಡಕುಗಳು ಸಿಗುತ್ತವೆ ಎಂದು ಬಳಕೆ-ಸುಲಭತೆಯ ತಜ್ಞ ಜೇಕಬ್ ನೀಲ್ಸನ್ 2000ದಲ್ಲಿ ಹೇಳಿದ ಮಾತನ್ನು ನಮ್ಮ ಕ್ಷೇತ್ರದಲ್ಲಿ ಎಲ್ಲರೂ ಹೇಳುತ್ತಾರೆ. ಆ ಲೆಕ್ಕ ಒಂದೇ ಬಗೆಯ ಬಳಕೆದಾರರಿಗೆ ಹೊಂದುವಂಥದ್ದು. ಅರಸೀಕೆರೆಯ ತೆಂಗಿನ ರೈತ, ಸಕಲೇಶಪುರದ ಸಣ್ಣ ಬೆಳೆಗಾರ, ಗ್ರಾಮ ಒನ್ ಆಪರೇಟರ್, ಕೇಸ್ ವರ್ಕರ್ ಒಂದೇ ಬಗೆಯವರಲ್ಲ. ಪ್ರತಿ ಗುಂಪಿನಿಂದಲೂ ಐವರು ಬೇಕು.

ಹತ್ತನೇ ಹೆಜ್ಜೆ: ಒಂದು ಹೋಬಳಿ, ಸರಿಯಾದ ತಿಂಗಳು

ಇಡೀ ಜಿಲ್ಲೆಗೆ ಒಂದೇ ದಿನ ಬಿಡುಗಡೆ ಮಾಡಬೇಡಿ. ಬಯಲುಸೀಮೆಯ ಒಂದು ಹೋಬಳಿ, ಮಲೆನಾಡಿನ ಒಂದು ಹೋಬಳಿ ಆರಿಸಿ. ಮೇ, ಜೂನ್ ಬೇಡ. ಆಲೂಗಡ್ಡೆ ಬಿತ್ತನೆ, ಮುಂಗಾರು ಎರಡೂ ಒಟ್ಟಿಗೆ ಬರುತ್ತವೆ. ನವೆಂಬರ್‌ನಿಂದ ಜನವರಿ ಬೇಡ. ಬಯಲಲ್ಲಿ ರಾಗಿ ಕೊಯ್ಲು, ತೋಟದಲ್ಲಿ ಅರೇಬಿಕಾ ಹಣ್ಣು ಬಿಡಿಸುವ ಕಾಲ. ಮಾರ್ಚ್ ಯಾರಿಗೂ ಬೇಡ. ಆಗಸ್ಟ್ ಕೊನೆ, ಸೆಪ್ಟೆಂಬರ್ ಸ್ವಲ್ಪ ಬಿಡುವಿನ ದಿನಗಳು. ಕಾಗದದ ಅರ್ಜಿಯ ಕೌಂಟರ್ ಕನಿಷ್ಠ ಒಂದು ವರ್ಷ ಜೊತೆಗೇ ನಡೆಯಲಿ.

ಆ ಎರಡು ಹೋಬಳಿಯ ಕೌಂಟರುಗಳಲ್ಲಿ ಒಂದೊಂದು 200 ಪುಟದ ನೋಟ್‌ಬುಕ್ ಇಡಿ. ಒಂದೇ ಅರ್ಜಿಗಾಗಿ ಎರಡನೇ ಸಲ ಬಂದವರಿದ್ದರೆ ಸಿಬ್ಬಂದಿ ಅದರಲ್ಲಿ ಒಂದು ಸಾಲು ಬರೆಯಲಿ: ದಿನಾಂಕ, ಊರು, ಯಾಕೆ ಬರಬೇಕಾಯಿತು. ಹೆಸರು ಬೇಡ. ಪ್ರತಿ ಶುಕ್ರವಾರ ವಿನ್ಯಾಸಕರು ಆ ನೋಟ್‌ಬುಕ್ ಓದಿ, ಹೆಚ್ಚು ಸಲ ಬಂದ ಕಾರಣವನ್ನು ಸೋಮವಾರದೊಳಗೆ ಸರಿಪಡಿಸಬೇಕು. ಮೊದಲ ವಾರ ಪುಟ ತುಂಬಿರುತ್ತದೆ, ಗಾಬರಿಯಾಗಬೇಡಿ. ಒಂದು ಇಡೀ ವಾರ 'ಎಕರೆ ತಪ್ಪಾಗಿತ್ತು' ಎಂಬ ಸಾಲು ಒಂದೂ ಇಲ್ಲದಿದ್ದರೆ ಮೂರನೇ ಹೋಬಳಿಗೆ ಹೋಗಬಹುದು.